ಕಣ್ಣೆದುರೇ ವಿಡಿಯೋ ಇದ್ದರೂ 45 ಸಾಕ್ಷಿಗಳು ಯಾಕೆ ಬೇಕಾಯಿತು?

ಪ್ರಶ್ನೆ: ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೇನೆ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕೇಸಿನ ವಿಡಿಯೋವನ್ನು ಇಡೀ ಜಗತ್ತೇ ನೋಡಿತ್ತು. ಪೊಲೀಸ್ ಅಧಿಕಾರಿಯ ಮಂಡಿ ಆತನ ಕತ್ತಿನ ಮೇಲಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಹಾಗಿದ್ದೂ ಕೋರ್ಟಿನಲ್ಲಿ ಅಷ್ಟು ದಿನ ಸಾಕ್ಷಿ ವಿಚಾರಣೆ ಯಾಕೆ ಬೇಕಾಯಿತು? ಆರೋಪಿ ಪರ ವಕೀಲರಿಗೆ ಹೇಳಲು ಏನಿತ್ತು? ಇಂಥ ಕೇಸ್ ನಮ್ಮಲ್ಲಿ ನಡೆದರೆ ಏನು ಬೇರೆಯಾಗುತ್ತದೆ?

ಉತ್ತರ: ವಿಡಿಯೋ ಇದ್ದರೆ ಕೇಸ್ ಗೆದ್ದಂತೆಯೇ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬಾತನನ್ನು ಲಾಠಿಯಲ್ಲಿ ಹೊಡೆದದ್ದನ್ನು ಒಬ್ಬ ನಿವಾಸಿ ತನ್ನ ಬಾಲ್ಕನಿಯಿಂದ ಚಿತ್ರೀಕರಿಸಿದ್ದ. ಅದನ್ನೂ ಜಗತ್ತೆಲ್ಲ ನೋಡಿತ್ತು. ಆದರೆ ಮುಂದಿನ ವರ್ಷ ಸಿಮಿ ವ್ಯಾಲಿಯ ಕೋರ್ಟಿನಲ್ಲಿ ಪೊಲೀಸರ ಪರ ವಕೀಲರು ಅದೇ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಒಂದೊಂದೇ ಚಿತ್ರವಾಗಿ ತೋರಿಸಿದರು. ಇಲ್ಲಿ ನೋಡಿ, ಕಾಲು ಎತ್ತುತ್ತಿದ್ದಾನೆ. ಇಲ್ಲಿ ನೋಡಿ, ಮೇಲೇಳಲು ನೋಡುತ್ತಿದ್ದಾನೆ. ಹಾಗೆ ತುಂಡು ತುಂಡಾಗಿ ನೋಡಿದಾಗ ಒಂದೊಂದು ಏಟಿಗೂ ಒಂದೊಂದು ಕಾರಣ ಸಿಕ್ಕಿತು. 1992ರ ಏಪ್ರಿಲ್ 29ರಂದು ಆರೋಪಿಗಳಾಗಿದ್ದ ನಾಲ್ವರು ಪೊಲೀಸರೂ ಹೊರಬಂದರು. ಒಬ್ಬನ ಮೇಲಿನ ಒಂದು ಆರೋಪದಲ್ಲಿ ಮಾತ್ರ ಜ್ಯೂರಿಯಲ್ಲಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡ) ಒಮ್ಮತ ಮೂಡಲಿಲ್ಲ. ಆಮೇಲೆ ನಡೆದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು.

ಫ್ಲಾಯ್ಡ್ ಸತ್ತ ಮಿನಿಯಾಪೊಲಿಸ್ ನಗರದ ಕೇಸಿನಲ್ಲಿ ಸರ್ಕಾರದ ಪರ ವಕೀಲರಿಗೆ ಈ ಇತಿಹಾಸ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಂಡಿ ಊರಿದ ಅಧಿಕಾರಿ ಡೆರೆಕ್ ಶೋವಿನ್ ವಿಚಾರಣೆಯನ್ನು ನಾನು ಓದುವ ರೀತಿಯೇ ಬೇರೆ. ಮಂಡಿ ಇತ್ತೋ ಇಲ್ಲವೋ ಅನ್ನೋದು ಅಲ್ಲಿ ಮುಖ್ಯ ಜಗಳವೇ ಅಲ್ಲ. ಗಡಿಯಾರವನ್ನು ಯಾವ ಕ್ಷಣದಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದೇ ಜಗಳ.

ಘಟನೆ ನಡೆದದ್ದು 2020ರ ಮೇ 25ರ ಸಂಜೆ. 20 ಡಾಲರಿನ ಖೋಟಾ ನೋಟು ಕೊಟ್ಟ ಅನ್ನೋ ದೂರಿನ ಮೇಲೆ 46 ವರ್ಷದ ಫ್ಲಾಯ್ಡ್‌ನನ್ನು ಹಿಡಿದರು. ಕೋಳ ಹಾಕಿದರು. ಕಾರಿನೊಳಗೆ ಕೂರಿಸಲು ಹೋದಾಗ ಎಳೆದಾಟವಾಯಿತು. ಕೊನೆಗೆ ರಸ್ತೆಯ ಮೇಲೆ ಬೋರಲು ಮಲಗಿಸಿ ಮೂವರು ಅದುಮಿ ಹಿಡಿದರು. ಮೊದಲ ದಾಖಲೆಗಳಲ್ಲಿ ಮಂಡಿ ಊರಿದ ಅವಧಿ 8 ನಿಮಿಷ 46 ಸೆಕೆಂಡ್ ಎಂದಿತ್ತು. ಪೊಲೀಸರ ಮೈಮೇಲಿದ್ದ ಬಾಡಿ ಕ್ಯಾಮೆರಾಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು 9 ನಿಮಿಷ 29 ಸೆಕೆಂಡ್ ಆಯಿತು.

2021ರ ಮಾರ್ಚ್ 29ರಂದು ಸರ್ಕಾರದ ಪರ ಜೆರ್ರಿ ಬ್ಲ್ಯಾಕ್‌ವೆಲ್ ಮೊದಲ ಮಾತಾಡಿದರು. ಆ 9 ನಿಮಿಷ 29 ಸೆಕೆಂಡನ್ನು ಅವರು ಮೂರು ಭಾಗ ಮಾಡಿದರು. ಮೊದಲ 4 ನಿಮಿಷ 45 ಸೆಕೆಂಡ್ ಆತ ಉಸಿರಾಡಲು ಆಗುತ್ತಿಲ್ಲ ಎಂದು ಬೇಡಿಕೊಂಡ. ಆಮೇಲೆ 53 ಸೆಕೆಂಡ್ ಮೈ ಅದುರಿತು. ಉಳಿದ 3 ನಿಮಿಷ 51 ಸೆಕೆಂಡ್ ಏನೂ ಇಲ್ಲ. ಮಾತಿಲ್ಲ, ಅಲುಗಾಟವಿಲ್ಲ. ಈ ವಿಂಗಡಣೆಯ ಜಾಣತನ ಗಮನಿಸಿ. ಮೊದಲ ಭಾಗದ ಬಗ್ಗೆ ಪೊಲೀಸರ ಪರವಾಗಿ ಒಂದಿಷ್ಟು ವಾದ ಮಾಡಬಹುದು. ಎರಡನೆಯದಕ್ಕೂ ಏನೋ ಒಂದು ಹೇಳಬಹುದು. ಮೂರನೆಯದಕ್ಕೆ? ಅಲುಗಾಡದೆ ಬಿದ್ದಿರುವ, ಕೈಗೆ ಕೋಳ ಬಿದ್ದಿರುವ ಮನುಷ್ಯನನ್ನು ಸುಮಾರು ನಾಲ್ಕು ನಿಮಿಷ ಅದುಮಿ ಹಿಡಿಯಲು ಏನು ಕಾರಣ ಕೊಡುತ್ತೀರಿ? ಸಿಮಿ ವ್ಯಾಲಿಯಲ್ಲಿ ಸಮಯವನ್ನು ತುಂಡು ಮಾಡಿದ್ದು ಪೊಲೀಸರ ಪರ ವಕೀಲರು. ಇಲ್ಲಿ ಅದೇ ಆಯುಧವನ್ನು ಸರ್ಕಾರವೇ ಮೊದಲು ಕೈಗೆ ತೆಗೆದುಕೊಂಡಿತು.

ಇನ್ನು ಆರೋಪಿ ಪರ ವಕೀಲ ಎರಿಕ್ ನೆಲ್ಸನ್. ಅವರ ಕಡೆಯೂ ನ್ಯಾಯವಾಗಿ ನೋಡಬೇಕು. ಆರೋಪಿಯನ್ನು ಸಮರ್ಥಿಸುವುದು ಅವರ ಕರ್ತವ್ಯ, ಅದನ್ನು ಶ್ರದ್ಧೆಯಿಂದ ಮಾಡಿದರು. ಅವರು ಹೇಳಿದ್ದು ಇಷ್ಟು: ಬರೀ 9 ನಿಮಿಷ 29 ಸೆಕೆಂಡ್ ನೋಡಬೇಡಿ, ಅದಕ್ಕೂ ಹಿಂದಿನ 16 ನಿಮಿಷ 59 ಸೆಕೆಂಡನ್ನೂ ನೋಡಿ. ಕಾರಿನ ಹತ್ತಿರದ ಎಳೆದಾಟ, ಆತನ ಗಾತ್ರ, ಅಮಲಿನಲ್ಲಿದ್ದಾನೆ ಎಂಬ ಅನುಮಾನ, ಸುತ್ತ ಕೂಗುತ್ತಿದ್ದ ಜನ, ಎಲ್ಲವೂ ಆ ಅಧಿಕಾರಿಯ ತಲೆಯಲ್ಲಿ ಇತ್ತು ಅಂದರು.

ಈ ವಾದಕ್ಕೆ ಕಾನೂನಿನ ಬೇರು ಇದೆ. 1989ರ ಗ್ರಹಾಂ ವಿರುದ್ಧ ಕಾನರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು. ಪೊಲೀಸ್ ಬಲಪ್ರಯೋಗವನ್ನು ಅಳೆಯುವಾಗ ಆ ಸ್ಥಳದಲ್ಲಿ ನಿಂತ ಒಬ್ಬ ವಿವೇಕಿ ಅಧಿಕಾರಿಯ ಕಣ್ಣಿನಿಂದ ನೋಡಬೇಕು, ಎಲ್ಲ ಮುಗಿದ ಮೇಲೆ ಸಿಗುವ ತಿಳಿವಳಿಕೆಯಿಂದ ಅಲ್ಲ. ಕ್ಷಣಾರ್ಧದಲ್ಲಿ ತೀರ್ಮಾನ ಮಾಡಬೇಕಾದ ಕೆಲಸ ಅದು ಅನ್ನೋದನ್ನು ಆ ತೀರ್ಪು ಒಪ್ಪುತ್ತದೆ. ಹಾಗಾಗಿಯೇ ಸರ್ಕಾರಕ್ಕೆ ಅವಧಿ ಅಷ್ಟು ಮುಖ್ಯವಾಯಿತು. ಗುಂಡು ಹಾರಿಸಿದ ಕೇಸುಗಳಲ್ಲಿ ಕ್ಷಣಾರ್ಧದ ವಾದ ನಿಲ್ಲುತ್ತದೆ. ಒಂಬತ್ತೂವರೆ ನಿಮಿಷ ಅಂದರೆ ಕ್ಷಣಾರ್ಧ ಅಲ್ಲವಲ್ಲ.

ಸಾಕ್ಷಿಗಳನ್ನು ಕರೆದ ಕ್ರಮದಲ್ಲೂ ಲೆಕ್ಕಾಚಾರ ಇತ್ತು. ಮೊದಲು ದಾರಿಹೋಕರು. ಆಮೇಲೆ ಪೊಲೀಸರು. ಕೊನೆಗೆ ವೈದ್ಯರು. ಮೊಟ್ಟಮೊದಲ ಸಾಕ್ಷಿ 911ರ, ಅಂದರೆ ಅಲ್ಲಿನ ತುರ್ತು ಕರೆ ಕೇಂದ್ರದ, ಡಿಸ್ಪ್ಯಾಚರ್ (ಕರೆ ಬಂದ ಕಡೆಗೆ ಪೊಲೀಸರನ್ನು ಕಳಿಸುವವರು). ನಗರದ ಕ್ಯಾಮೆರಾದಲ್ಲಿ ದೃಶ್ಯ ನೋಡುತ್ತಿದ್ದ ಆಕೆಗೆ ಪೊಲೀಸರು ಅಷ್ಟು ಹೊತ್ತು ಅಲುಗಾಡದೆ ಇರುವುದನ್ನು ಕಂಡು, ಚಿತ್ರ ಸಿಕ್ಕಿಹಾಕಿಕೊಂಡಿದೆಯೇ ಅನ್ನಿಸಿತಂತೆ. ಆಮೇಲೆ ಮೇಲಧಿಕಾರಿಗೆ ಫೋನ್ ಮಾಡಿದರು. ಅಂದರೆ ಇಲಾಖೆಯ ಜೊತೆಯಲ್ಲೇ ಕೆಲಸ ಮಾಡುವವರಿಗೂ, ಆಗಲೇ, ಏನೋ ಸರಿಯಿಲ್ಲ ಅನ್ನಿಸಿತ್ತು. ಎಲ್ಲ ಮುಗಿದ ಮೇಲೆ ಹೇಳೋದು ಸುಲಭ ಅನ್ನೋ ವಾದಕ್ಕೆ ಮೊದಲ ದಿನವೇ ಸಿಕ್ಕ ಉತ್ತರ ಇದು.

ದಾರಿಹೋಕರಲ್ಲಿ ವಿಡಿಯೋ ಮಾಡಿದ 17 ವರ್ಷದ ಹುಡುಗಿ ಇದ್ದಳು, ಒಂಬತ್ತು ವರ್ಷದ ಮಗು ಇತ್ತು. ರಜೆಯಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ನಾಡಿ ನೋಡಲು ಬಿಡಿ ಎಂದು ಕೇಳಿಕೊಂಡಿದ್ದರು. ಜನ ಪೊಲೀಸರನ್ನು ಬೆದರಿಸುತ್ತಿದ್ದರು ಅನ್ನೋದು ನೆಲ್ಸನ್ ವಾದ. ಈ ಸಾಕ್ಷಿಗಳು ಕಟಕಟೆಗೆ ಬಂದು ಕೂತ ಕೂಡಲೇ ಆ ವಾದದ ಬಲ ಅರ್ಧ ಹೋಯಿತು ಅಂತ ನನ್ನ ಅಭಿಪ್ರಾಯ.

ಎರಡನೇ ಸುತ್ತು ಪೊಲೀಸರದ್ದು. ಇದು ಇಂಥ ಕೇಸುಗಳಲ್ಲಿ ಅಪರೂಪ. ಪೊಲೀಸ್ ಮುಖ್ಯಸ್ಥ ಮೆಡೇರಿಯಾ ಅರಡಾಂಡೋ ಸ್ವತಃ ಕಟಕಟೆಗೆ ಬಂದು, ಇದು ನಮ್ಮ ನೀತಿಗೂ ತರಬೇತಿಗೂ ವಿರುದ್ಧ ಎಂದರು. ಸೇವಾವಧಿಯಲ್ಲಿ ಇಲಾಖೆಯ ಅತಿ ಹಿರಿಯ ಅಧಿಕಾರಿ ರಿಚರ್ಡ್ ಝಿಮ್ಮರ್‌ಮನ್, ಆ ಬಲಪ್ರಯೋಗ ಸ್ವಲ್ಪವೂ ಬೇಕಿರಲಿಲ್ಲ ಎಂದರು. ಕೋಳ ಹಾಕಿ ಬೋರಲು ಮಲಗಿಸಿದವರನ್ನು ಆದಷ್ಟು ಬೇಗ ಪಕ್ಕಕ್ಕೆ ಹೊರಳಿಸಬೇಕು ಅನ್ನೋದು ಅವರ ತರಬೇತಿಯ ಪಾಠ. ಸ್ಥಳದಲ್ಲಿದ್ದ ಕಿರಿಯ ಅಧಿಕಾರಿ ಅದನ್ನೇ ಕೇಳಿದ್ದ, ಹೊರಳಿಸೋಣವೇ ಅಂತ. ಬೇಡ ಎಂದಿದ್ದು ಶೋವಿನ್. ಇನ್ನೊಬ್ಬ ಅಧಿಕಾರಿ ನಾಡಿ ಸಿಗುತ್ತಿಲ್ಲ ಎಂದಾಗಲೂ ಮಂಡಿ ಎತ್ತಲಿಲ್ಲ. ಇದೆಲ್ಲ ಬಾಡಿ ಕ್ಯಾಮೆರಾದ ಧ್ವನಿಯಲ್ಲಿದೆ.

ನೆಲ್ಸನ್ ಪಾಟಿ ಸವಾಲಿನಲ್ಲಿ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಒಂದಿಷ್ಟು ಗಳಿಸಿದರು ಅನ್ನೋದನ್ನೂ ಹೇಳಬೇಕು. ದಾರಿಹೋಕಳ ವಿಡಿಯೋ ಮತ್ತು ಬಾಡಿ ಕ್ಯಾಮೆರಾ ಚಿತ್ರವನ್ನು ಪಕ್ಕಪಕ್ಕ ಇಟ್ಟು ಮುಖ್ಯಸ್ಥರಿಗೆ ತೋರಿಸಿದರು. ಒಂದರಲ್ಲಿ ಮಂಡಿ ಕತ್ತಿನ ಮೇಲೆ ಕಾಣುತ್ತದೆ, ಇನ್ನೊಂದರಲ್ಲಿ ಭುಜದ ಮೂಳೆಯ ಮೇಲೆ, ಹೌದೋ ಅಲ್ಲವೋ? ಮುಖ್ಯಸ್ಥರು ಹೌದು ಎಂದರು. ಸರ್ಕಾರಿ ವಕೀಲರು ಮರುವಿಚಾರಣೆಯಲ್ಲಿ ಆ ಚಿತ್ರ ಯಾವ ಹೊತ್ತಿನದು ಎಂದು ಕೇಳಿದರು. ಸ್ಟ್ರೆಚರಿಗೆ ಎತ್ತುವ ಸ್ವಲ್ಪ ಮೊದಲಿನದು. ಮತ್ತೆ ಗಡಿಯಾರದ ಮಾತೇ ಬಂತು ನೋಡಿ.

ನೀವು ವಿದ್ಯಾರ್ಥಿ, ಹಾಗಾಗಿ ಏಪ್ರಿಲ್ 7ರ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗದ್ದಲದ ನಡುವೆ ಫ್ಲಾಯ್ಡ್ ಹೇಳಿದ ಒಂದು ಅಸ್ಪಷ್ಟ ಮಾತನ್ನು ನೆಲ್ಸನ್ ಕೇಳಿಸಿದರು. 'ನಾನು ತುಂಬಾ ಡ್ರಗ್ಸ್ ತಿಂದೆ' ಅಂತ ಹೇಳಿದಂತೆ ಕೇಳುತ್ತದೆಯೇ ಎಂದು ಕೇಳಿದರು. ಲಾಸ್ ಏಂಜಲೀಸ್‌ನಿಂದ ಬಂದಿದ್ದ ಬಲಪ್ರಯೋಗ ತಜ್ಞ ತನಗೆ ಅರ್ಥವಾಗುತ್ತಿಲ್ಲ ಎಂದ. ಆಮೇಲೆ ಬಂದ ರಾಜ್ಯದ ತನಿಖಾಧಿಕಾರಿ ಹೌದು, ಹಾಗೇ ಕೇಳುತ್ತದೆ ಎಂದುಬಿಟ್ಟ. ಕೋರ್ಟಿಗೆ ವಿರಾಮ ಸಿಕ್ಕಿತು. ಸರ್ಕಾರಿ ವಕೀಲರು ಅದೇ ಧ್ವನಿಯ ಉದ್ದದ ತುಣುಕನ್ನು, ಹಿಂದುಮುಂದಿನ ಮಾತು ಸೇರಿಸಿ, ಮತ್ತೆ ಕೇಳಿಸಿದರು. ಈಗ ಅದೇ ಅಧಿಕಾರಿ, ಇಲ್ಲ, 'ನಾನು ಯಾವ ಡ್ರಗ್ಸೂ ಮಾಡಿಲ್ಲ' ಅಂತ ಕೇಳುತ್ತಿದೆ ಎಂದ. ಮನುಷ್ಯನ ಕಿವಿ ಹೇಳಿಕೊಟ್ಟದ್ದನ್ನೇ ಕೇಳುತ್ತದೆ. ಸಾಕ್ಷಿಯ ಬಾಯಿಗೆ ಮಾತು ಹಾಕುವ ಪ್ರಶ್ನೆಗೆ ಪಾಟಿ ಸವಾಲಿನಲ್ಲಿ ಅವಕಾಶ ಇದೆ. ಅದಕ್ಕೇ ಎದುರಿನ ವಕೀಲ ಪೂರ್ತಿ ತುಣುಕು ಎಲ್ಲಿದೆ ಎಂದು ಗೊತ್ತಿಟ್ಟುಕೊಂಡಿರಬೇಕು.

ಈಗ ನಿಜವಾಗಿ ಕಷ್ಟದ ಭಾಗ: ಸಾವಿಗೆ ಕಾರಣ ಏನು? ಬಲಪ್ರಯೋಗ ತಪ್ಪು ಅಂತ ತೋರಿಸಿದರೆ ಸಾಲದು. ಅದರಿಂದಲೇ ಸತ್ತ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಸರ್ಕಾರದ ದೊಡ್ಡ ತಲೆನೋವು ಇಲ್ಲೇ ಇತ್ತು, ಅದೂ ತನ್ನದೇ ಸಾಕ್ಷಿಯಿಂದ. ಮರಣೋತ್ತರ ಪರೀಕ್ಷೆ ಮಾಡಿದ ಡಾ. ಆಂಡ್ರ್ಯೂ ಬೇಕರ್ ಇದನ್ನು ಇನ್ನೊಬ್ಬರಿಂದಾದ ಸಾವು ಎಂದೇ ಬರೆದಿದ್ದರು. ಪೊಲೀಸರು ಅದುಮಿ ಹಿಡಿದದ್ದು, ಕತ್ತಿನ ಮೇಲಿನ ಒತ್ತಡ, ಎರಡನ್ನೂ ನಮೂದಿಸಿದ್ದರು. ಆದರೆ ಉಸಿರುಕಟ್ಟಿ ಸಾವು ಎಂದು ಬರೆದಿರಲಿಲ್ಲ. ಜೊತೆಗೆ ಹೃದಯದ ಕಾಯಿಲೆ, ಫೆಂಟನಿಲ್ ಮತ್ತು ಮೆಥಾಂಫೆಟಮಿನ್ ಎಂಬ ಡ್ರಗ್ಸ್, ಇವುಗಳನ್ನೂ ಪೂರಕ ಅಂಶ ಎಂದು ಸೇರಿಸಿದ್ದರು. ರಕ್ತದಲ್ಲಿ ಫೆಂಟನಿಲ್ ಪ್ರತಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಇತ್ತು. ಆರೋಪಿ ಪರ ವಕೀಲರಿಗೆ ಇಷ್ಟು ಸಾಕು.

ಸರ್ಕಾರ ಬೇಕರ್ ಅವರನ್ನು ಬಚ್ಚಿಡಲಿಲ್ಲ, ಮೊದಲೂ ಕರೆಯಲಿಲ್ಲ. ಅವರಿಗಿಂತ ಮುಂಚೆ, ಏಪ್ರಿಲ್ 8ರಂದು, ಶಿಕಾಗೋದ ಶ್ವಾಸಕೋಶ ತಜ್ಞ ಡಾ. ಮಾರ್ಟಿನ್ ಟೋಬಿನ್ ಅವರನ್ನು ಕೂರಿಸಿತು. ತಜ್ಞ ಸಾಕ್ಷಿ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ. ಐರ್ಲೆಂಡಿನಲ್ಲಿ ಹುಟ್ಟಿದವರು, ಜೀವನಪೂರ್ತಿ ಉಸಿರಾಟವನ್ನೇ ಓದಿದವರು. ಈ ಸಾಕ್ಷ್ಯಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಜ್ಯೂರಿಯ ಕಡೆ ತಿರುಗಿ ನಿಧಾನವಾಗಿ ಮಾತಾಡಿದರು. ನಿಮ್ಮ ಕತ್ತನ್ನೇ ಮುಟ್ಟಿ ನೋಡಿ, ಇಲ್ಲಿ ಗಟ್ಟಿ ಇದೆ, ಇಲ್ಲಿ ಮೆತ್ತಗಿದೆ ಎಂದರು. ಹಲವರು ಮುಟ್ಟಿಯೂ ನೋಡಿಕೊಂಡರು. ನೆಲ್ಸನ್ ಆಕ್ಷೇಪಿಸಿದ ಮೇಲೆ, ಹಾಗೆ ಮಾಡಲೇಬೇಕಿಲ್ಲ ಎಂದು ನ್ಯಾಯಾಧೀಶ ಪೀಟರ್ ಕೇಹಿಲ್ ತಿಳಿಸಿದರು. ಅಷ್ಟರಲ್ಲಿ ಪಾಠ ಮುಟ್ಟಿತ್ತು.

ಟೋಬಿನ್ ವಿಡಿಯೋವನ್ನು ವೈದ್ಯಕೀಯ ದಾಖಲೆಯ ಹಾಗೆ ಓದಿದರು. ಫ್ಲಾಯ್ಡ್‌ನ ಬೆರಳುಗಳು ರಸ್ತೆಯನ್ನೂ ಕಾರಿನ ಟೈರನ್ನೂ ಒತ್ತುತ್ತಿರುವ ಚಿತ್ರ ತೋರಿಸಿ, ಎದೆಗೂಡಿನ ಬಲಭಾಗವನ್ನು ಎತ್ತಲು ಈತ ಬೆರಳಿನ ಗೆಣ್ಣು ಬಳಸುತ್ತಿದ್ದಾನೆ ಎಂದರು. ನಾವೆಲ್ಲ ಹತ್ತಾರು ಸಲ ನೋಡಿಯೂ ಕಾಣದ ವಿಷಯ ಅದು. ಆಮೇಲೆ ಫೆಂಟನಿಲ್ ಪ್ರಶ್ನೆ. ಫೆಂಟನಿಲ್ ಉಸಿರನ್ನು ನಿಧಾನ ಮಾಡುತ್ತದೆ. ಅದು ಕೆಲಸ ಮಾಡಿದ್ದರೆ ಉಸಿರಿನ ಗತಿ ನಿಮಿಷಕ್ಕೆ ಸುಮಾರು 10ಕ್ಕೆ ಇಳಿದಿರಬೇಕಿತ್ತು. ಟೋಬಿನ್ ವಿಡಿಯೋ ಹಾಕಿ, ಆತ ಪ್ರಜ್ಞೆ ತಪ್ಪುವ ಮುಂಚಿನ ಉಸಿರನ್ನು ಎಣಿಸಿ ಎಂದು ಜ್ಯೂರಿಗೆ ಹೇಳಿಕೊಟ್ಟರು. 22 ಬಂತು. ಡ್ರಗ್ಸ್ ವಾದಕ್ಕೆ ಇಷ್ಟು ಸರಳವಾದ ಉತ್ತರ ಬೇರೆ ಇಲ್ಲ. ಪುಸ್ತಕ ಬೇಡ, ಪ್ರಯೋಗಾಲಯ ಬೇಡ, ಎಣಿಸಲು ಬಂದರೆ ಸಾಕು. ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದರು: ಮಾತಾಡುತ್ತಿದ್ದಾನೆ ಅಂದರೆ ಉಸಿರಾಡುತ್ತಿದ್ದಾನೆ ಅನ್ನೋ ನಂಬಿಕೆ ಅಪಾಯಕಾರಿ. ಆ ಕ್ಷಣಕ್ಕೆ ಉಸಿರಿದೆ ಅಂತಷ್ಟೇ ಅದರ ಅರ್ಥ, ಐದು ಸೆಕೆಂಡ್ ನಂತರವೂ ಇರುತ್ತದೆ ಅಂತ ಅಲ್ಲ.

ಮಾರನೇ ದಿನ ಬೇಕರ್ ಬಂದರು. ಮರಣೋತ್ತರ ಪರೀಕ್ಷೆಗೆ ಮುಂಚೆ ಬೇಕೆಂತಲೇ ವಿಡಿಯೋ ನೋಡಿರಲಿಲ್ಲ ಎಂದರು. ಆ ಹೃದಯಕ್ಕೆ ಪೊಲೀಸರ ಅದುಮುವಿಕೆ ತಡೆಯಲಾರದಷ್ಟು ಆಯಿತು ಎಂಬ ಅರ್ಥದಲ್ಲಿ ಮಾತಾಡಿದರು. ನೆಲ್ಸನ್ ಅವರಿಂದ ಒಂದು ಒಪ್ಪಿಗೆ ಪಡೆದರು: ಇದೇ ಮನುಷ್ಯ ಮನೆಯಲ್ಲಿ ಒಬ್ಬನೇ ಸತ್ತು ಸಿಕ್ಕಿದ್ದರೆ, ಬೇರೆ ಕಾರಣ ಕಾಣದಿದ್ದರೆ, ಡ್ರಗ್ಸ್ ಅತಿಯಾಗಿ ಸತ್ತ ಅನ್ನಬಹುದಿತ್ತು. ಒಳ್ಳೆ ಪ್ರಶ್ನೆ. ಆದರೆ ಆತ ಮನೆಯಲ್ಲಿ ಒಬ್ಬನೇ ಸಾಯಲಿಲ್ಲ. ಅದೂ ಅಲ್ಲದೆ ಕಾನೂನು ಸರ್ಕಾರದ ಪರ ಇತ್ತು. ಆರೋಪಿಯ ಕೃತ್ಯ ಸಾವಿಗೆ ಗಣನೀಯ ಕಾರಣ ಆಗಿದ್ದರೆ ಸಾಕು, ಅದೊಂದೇ ಕಾರಣ ಆಗಿರಬೇಕಿಲ್ಲ. ಹೃದಯ ದುರ್ಬಲವಾಗಿತ್ತು ಅನ್ನೋದು ಬಿಡುಗಡೆಯ ಚೀಟಿ ಅಲ್ಲ. ಟೋಬಿನ್ ಮೊದಲು, ಬೇಕರ್ ಆಮೇಲೆ ಅನ್ನೋ ಕ್ರಮ ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಎರಡೂ ಅಭಿಪ್ರಾಯ ಪೂರ್ತಿ ಒಂದೇ ಅಲ್ಲ. ಆದರೆ ಜ್ಯೂರಿ ಎರಡನೆಯದನ್ನು ಮೊದಲನೆಯದರ ಬೆಳಕಲ್ಲಿ ಕೇಳಿತು.

ಆರೋಪಿ ಕಡೆಯಿಂದ ಏಳೇ ಸಾಕ್ಷಿಗಳು ಬಂದರು, ಸರ್ಕಾರದ್ದು 38. ಬಲಪ್ರಯೋಗ ತಜ್ಞ ಬ್ಯಾರಿ ಬ್ರಾಡ್, ಬೋರಲು ಹಿಡಿದಿಡುವುದು ಬಲಪ್ರಯೋಗವೇ ಅಲ್ಲ ಎಂದರು. ಸರ್ಕಾರಿ ವಕೀಲ ಸ್ಟೀವ್ ಶ್ಲೈಷರ್ ಫೋಟೋ ತೋರಿಸಿ, ಇದರಿಂದ ನೋವಾಗುವ ಸಾಧ್ಯತೆ ಇದೆಯೇ ಎಂದು ಕೇಳಿ, ಹಾಗಾದರೆ ಬಲಪ್ರಯೋಗವೇ ಎಂದು ಒಪ್ಪಿಸಿದರು. ಮಾತಿನ ಓಘದಲ್ಲಿ ಬ್ರಾಡ್, ಸಹಕರಿಸುವವನು ರಸ್ತೆಯ ಮೇಲೆ ಆರಾಮಾಗಿ ಮಲಗಿರುತ್ತಾನೆ ಅನ್ನೋ ಥರದ ಮಾತಾಡಿದರು. ಆರಾಮಾಗಿ ಅಂದಿರಾ, ಎಂದು ಶ್ಲೈಷರ್ ತಿರುಗಿ ಕೇಳಿದರು.

ಮೇರಿಲ್ಯಾಂಡ್‌ನ ನಿವೃತ್ತ ಮುಖ್ಯ ವೈದ್ಯಕೀಯ ಪರೀಕ್ಷಕ ಡೇವಿಡ್ ಫೌಲರ್ ಹೃದಯ, ಡ್ರಗ್ಸ್, ಜೊತೆಗೆ ಕಾರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಎಂದು ಕಾರಣಗಳ ಪಟ್ಟಿಯನ್ನೇ ಕೊಟ್ಟರು. ಪಟ್ಟಿ ಉದ್ದವಾದಷ್ಟೂ ಸಂಶಯದ ಲಾಭ ಜಾಸ್ತಿ ಅನ್ನೋ ಲೆಕ್ಕ. ನನ್ನ ಪ್ರಕಾರ ಅದು ತಿರುಗುಬಾಣವಾಯಿತು. ಒಂದೇ ಒಂದು ಗಟ್ಟಿ ಸಂಶಯ ಹತ್ತು ಜಾಳು ಸಂಶಯಕ್ಕಿಂತ ಮೇಲು. ಹೊಗೆಯ ಮಾತಿಗೆ ಯಾವ ಅಳತೆಯ ಆಧಾರವೂ ಇರಲಿಲ್ಲ. ನಾಡಿ ನಿಂತ ಮೇಲೆ ಕೂಡಲೇ ತುರ್ತು ಚಿಕಿತ್ಸೆ ಕೊಡಬೇಕಿತ್ತು ಅನ್ನೋದನ್ನು ಬ್ಲ್ಯಾಕ್‌ವೆಲ್ ಪ್ರಶ್ನೆಗೆ ಫೌಲರ್ ಸ್ವತಃ ಒಪ್ಪಿದರು.

ಇದರ ಬೆನ್ನಲ್ಲೇ ಸರ್ಕಾರ ಎಡವುವುದರಲ್ಲಿತ್ತು. ಹೊಗೆಯ ವಾದವನ್ನು ಸುಳ್ಳು ಮಾಡುವ ಹೊಸ ರಕ್ತಪರೀಕ್ಷೆಯ ಅಂಕಿ ಸಿಕ್ಕಿದೆ ಎಂದು ಕೊನೆ ಗಳಿಗೆಯಲ್ಲಿ ತಂದರು. ತಡವಾಯಿತು, ಎದುರು ಪಕ್ಷಕ್ಕೆ ಅನ್ಯಾಯ ಎಂದು ಕೇಹಿಲ್ ತಡೆದರು. ಟೋಬಿನ್ ಅದರ ಸುಳಿವು ಕೊಟ್ಟರೂ ಇಡೀ ವಿಚಾರಣೆಯನ್ನೇ ರದ್ದು ಮಾಡುತ್ತೇನೆ ಎಂದು ಎಚ್ಚರಿಸಿದರು. ಟೋಬಿನ್ ಮತ್ತೆ ಕಟಕಟೆ ಹತ್ತಿ, ಮೊದಲೇ ದಾಖಲೆಯಲ್ಲಿದ್ದ ಒಂದೇ ಅಂಕಿ ಹಿಡಿದರು. ರಕ್ತದ ಆಮ್ಲಜನಕ 98% ಇತ್ತು. ಹಾಗಿದ್ದ ಮೇಲೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚೆಂದರೆ 2% ಇದ್ದೀತು. ಅಷ್ಟೇ.

ಶೋವಿನ್ ಸಾಕ್ಷಿ ಹೇಳಲಿಲ್ಲ. ಏಪ್ರಿಲ್ 20ರಂದು, ಸುಮಾರು ಹತ್ತು ಗಂಟೆಯ ಚರ್ಚೆಯ ನಂತರ, ಜ್ಯೂರಿ ಮೂರೂ ಆರೋಪಗಳಲ್ಲಿ ತಪ್ಪಿತಸ್ಥ ಎಂದಿತು. ಜೂನ್‌ನಲ್ಲಿ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಆರೋಪಗಳ ಆಯ್ಕೆಯಲ್ಲೂ ಜಾಣತನ ಇತ್ತು: ಯಾವುದರಲ್ಲೂ ಕೊಲ್ಲುವ ಉದ್ದೇಶ ರುಜುವಾತು ಮಾಡುವ ಹೊರೆ ಇರಲಿಲ್ಲ. ಆತನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುತ್ತಾ ಹೋಗಿದ್ದರೆ ಕೇಸ್ ಅಲ್ಲೇ ಸೋಲುತ್ತಿತ್ತೇನೋ.

ಈಗ ನಮ್ಮ ಕಡೆ. ನಮ್ಮಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರೇ ಎಲ್ಲ. ಆದರೆ ದೊಡ್ಡ ವ್ಯತ್ಯಾಸ ಅದಲ್ಲ. ಸಾಕ್ಷಿ ವಿಚಾರಣೆಯ ಹಂತಕ್ಕೆ ತಲುಪುವುದೇ ಇಲ್ಲಿ ಕಷ್ಟ. ಕರ್ತವ್ಯಕ್ಕೆ ಸಂಬಂಧಪಟ್ಟ ಕೃತ್ಯ ಅಂದರೆ ಪೊಲೀಸರ ಮೇಲೆ ಕೇಸ್ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 197, ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 218. ಕರ್ನಾಟಕದಲ್ಲಿ ಅದರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 170 ಇದೆ. 2020ರ ಜೂನ್‌ನಲ್ಲಿ ಕರ್ನಾಟಕದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿ ಮಿತಿ ಮೀರಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟು ಇದ್ದರೆ ಅನುಮತಿ ಬೇಕೇ ಬೇಕು ಎಂದು ಹೇಳಿ ದೂರನ್ನು ರದ್ದು ಮಾಡಿತು. ಆ ತೀರ್ಪನ್ನು ತಪ್ಪದೆ ಓದಿ.

ಇನ್ನೊಂದು, ಮುಖ್ಯಸ್ಥರೇ ಬಂದು ಇದು ತಪ್ಪು ಎನ್ನುವುದು ನಮ್ಮಲ್ಲಿ ಎಷ್ಟು ಸಲ ಆಗಿದೆ? 1995ರ ಶ್ಯಾಮಸುಂದರ್ ತ್ರಿವೇದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೊಂದು ಬರೆದಿದೆ. ಸಹೋದ್ಯೋಗಿಯನ್ನು ಉಳಿಸಲು ಪೊಲೀಸರು ಬಾಯಿ ಮುಚ್ಚಿಕೊಳ್ಳುತ್ತಾರೆ, ಹಾಗಾಗಿ ಠಾಣೆಯ ಸಾವುಗಳಲ್ಲಿ ನೇರ ಸಾಕ್ಷ್ಯ ಸಿಗುವುದು ಅಪರೂಪ ಎಂದಿದೆ. ಪೊಲೀಸ್ ವಶದಲ್ಲಿದ್ದಾಗ ಗಾಯವಾದರೆ ಅದನ್ನು ಪೊಲೀಸರೇ ಮಾಡಿದ್ದು ಎಂದು ಕೋರ್ಟ್ ಭಾವಿಸಬಹುದು, ಅಂಥ ಹೊಸ ಕಲಂ ಸೇರಿಸಿ ಎಂದು ಕಾನೂನು ಆಯೋಗ 1985ರಲ್ಲೇ ತನ್ನ 113ನೇ ವರದಿಯಲ್ಲಿ ಹೇಳಿತ್ತು. 2023ರ ಸಾಕ್ಷ್ಯ ಅಧಿನಿಯಮದಲ್ಲೂ ಅದು ಬರಲಿಲ್ಲ. ನನಗೆ ಇದು ನೋವಿನ ವಿಷಯ.

ವಿಡಿಯೋ ಸಿಕ್ಕರೂ ಅದೇ ಸಾಕ್ಷ್ಯ ಅಧಿನಿಯಮದ ಕಲಂ 63 ಕೇಳುವ, ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಇಲ್ಲದೆ ಅದರ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಿಸುವುದು ಕಷ್ಟ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇಂಥ ಕುಟುಂಬ ನಿಮ್ಮ ಹತ್ತಿರ ಬಂದರೆ ಮೊದಲ ದಿನವೇ ಆ ದೃಶ್ಯ ಉಳಿಸಿಡಲು ಅರ್ಜಿ ಹಾಕಿ. ಮ್ಯಾಜಿಸ್ಟ್ರೇಟ್ ವಿಚಾರಣೆ ಕೇಳಿ. ಮರಣೋತ್ತರ ಪರೀಕ್ಷೆಯ ವಿಡಿಯೋ ಕೇಳಿ. ವಾದ ಆಮೇಲೆ ಮಾಡಬಹುದು.

ಈ ವಿಚಾರಣೆ ಪೂರ್ತಿ ನೇರ ಪ್ರಸಾರವಾಗಿತ್ತು, ಎಲ್ಲ ದಿನಗಳ ರೆಕಾರ್ಡಿಂಗ್ ನೋಡಲು ಸಿಗುತ್ತದೆ. ಸಮಯ ಕಡಿಮೆ ಇದ್ದರೆ ಏಪ್ರಿಲ್ 8ರ ಟೋಬಿನ್ ಮುಖ್ಯ ವಿಚಾರಣೆ, 9ರ ಬೇಕರ್ ಪಾಟಿ ಸವಾಲು, 13ರ ಬ್ರಾಡ್ ಪಾಟಿ ಸವಾಲು, ಈ ಮೂರನ್ನು ನೋಡಿ. ಬೇಕರ್ ಭಾಗ ನೋಡುವಾಗ ನೆಲ್ಸನ್ ಪ್ರಶ್ನೆಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಸೋತ ಪಕ್ಷದ ವಕೀಲರಾದರೂ ಆ ಪಾಟಿ ಸವಾಲಿನಲ್ಲಿ ಕಲಿಯೋದು ಬಹಳ ಇದೆ.